ದನಿ ಮರಳಿಸುವ ಹಲಗೆ

ಬಡಗಣ ಕಡಲತೀರದ ಔಲು ಊರಿನ, ಆಂಟೆನಾ ಪರೀಕ್ಷಿಸುವ ಆ ಕೋಣೆಯಲ್ಲಿ ಸದ್ದೂ ಮರಳುವುದಿಲ್ಲ, ರೇಡಿಯೋ ಅಲೆಯೂ ಮರಳುವುದಿಲ್ಲ. ಗೋಡೆಯ ನೀಲಿ ಸ್ಪಂಜಿನ ಮೊನೆಗಳು ಎಲ್ಲವನ್ನೂ ಕುಡಿದುಬಿಡುತ್ತವೆ. ಸೈಮಿ ಅರ್ಧ ಆಯುಸ್ಸನ್ನು ಅಲ್ಲಿಯೇ, ಉಣ್ಣೆಯ ಕಾಲುಚೀಲದಲ್ಲಿ ಮೆಲ್ಲಗೆ ನಡೆಯುತ್ತ, ಆಂಟೆನಾಗಳನ್ನು ಅಳೆಯುತ್ತ ಕಳೆದಿದ್ದಳು. ಒಳಗೆ ನಿಂತರೆ ಹೊಸ ಹಿಮ ಬಿದ್ದ ಕಾಡಿನಲ್ಲಿ ನಿಂತಂತೆ.

ಆ ಚಳಿಗಾಲ ಅವಳು ಅಳೆಯುತ್ತಿದ್ದದ್ದು ಅಣ್ಣ ತೌನೊನ ಮೀನುದೋಣಿಗಾಗಿ. ಹಿಂದಿನ ವರ್ಷ ದೋಣಿಯ ಉದ್ದನೆಯ ಆಂಟೆನಾ ಮಂಜುಗಡ್ಡೆಯ ಭಾರಕ್ಕೆ ಮುರಿದಿತ್ತು. ಫೋನಿನಲ್ಲಿ ಮಾತಾಡುತ್ತಿದ್ದವನ ದನಿ ನಡುವೆಯೇ ಕಡಿದುಹೋಯಿತು. ಅವನು ದಡ ಸೇರುವವರೆಗೆ ಸೈಮಿ ಕಿಟಕಿ ಬಿಟ್ಟು ಕದಲಲಿಲ್ಲ. ಈ ಸಲ ಮುರಿಯಲು ಏನೂ ಇರಬಾರದೆಂದು, ಬ್ರೆಡ್ಡು ಕೊಯ್ಯುವ ಹಲಗೆಯಷ್ಟೇ ಚಪ್ಪಟೆಯಾದ ಆಂಟೆನಾ ಮಾಡಿದಳು. ಆದರೆ ದೋಣಿಯ ಉಕ್ಕಿನ ಚಾವಣಿಗೆ ಅಂಟಿ ಮಲಗಿದ ಆಂಟೆನಾ ಮೂಕವಾಗುತ್ತದೆ. ಉಕ್ಕು ಅಲೆಯನ್ನು ತಲೆಕೆಳಗಾಗಿಸಿ ಹಿಂದಕ್ಕೆ ಕಳಿಸುತ್ತದೆ. ಹೋಗುವುದನ್ನು ಬರುವುದು ಅಳಿಸುತ್ತದೆ. ಅದಕ್ಕೆಂದೇ ಆಂಟೆನಾಗೂ ಉಕ್ಕಿಗೂ ನಡುವೆ ತಾಮ್ರದ ಪುಟ್ಟ ಚೌಕಗಳ ಹಾಸು ಹಾಕಿದಳು. ಚೌಕಗಳ ಅಳತೆ, ಅವುಗಳ ನಡುವಣ ಸಂದು ಹದವಾಗಿದ್ದರೆ, ಮರಳುವ ಅಲೆ ಹೊರಡುವ ಅಲೆಯೊಡನೆ ಹೆಜ್ಜೆ ಕೂಡಿಸುತ್ತದೆ. ತಿದ್ದಿ ತಿದ್ದಿ, ಒಂದೇ ಹಲಗೆ ಫೋನಿನ ಎಲ್ಲ ಅಲೆಗಳಿಗೂ ಒಗ್ಗುವಷ್ಟು ಅದರ ಹರವನ್ನು ಹಿಗ್ಗಿಸಿದಳು.

ಸಮುದ್ರದ ಮಂಜುಗಡ್ಡೆ ಕರಗಿತು. ಹಲಗೆಯನ್ನು ಚಾವಣಿಗೆ ಕೂರಿಸಿಕೊಂಡು ತೌನೊ, ಊರೆದುರಿನ ದ್ವೀಪದ ಧಕ್ಕೆಯಿಂದ ಹೊರಟ. ಅಡುಗೆಮನೆಯಲ್ಲಿ ಕಾದು ಕೂತ ಸೈಮಿಗೆ ಕೇಳಿದ್ದು ಬರೀ ಗೊರಗೊರ, ಆಮೇಲೆ ಅದೂ ಇಲ್ಲ.

ದೋಣಿ ಮರಳಿದಾಗ ಅವಳು ಧಕ್ಕೆಯಲ್ಲಿದ್ದಳು. ಚಾವಣಿಯ ಮೇಲೆ ಹಲಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು.

“ಇದಕ್ಕೇನು ಬಳಿದೆ ಅಣ್ಣ?”

“ಚಾವಣಿಗೆ ಬಳಿಯೋ ಅಲ್ಯೂಮಿನಿಯಂ ಬಣ್ಣ. ದೋಣಿಗೆ ಹೊಸದೇನು ಬಂದ್ರೂ ಯಜಮಾನ ಕೈಯಾರೆ ಬಳೀಬೇಕು ಕಣೆ. ಇಲ್ದಿದ್ರೆ ದೋಣಿ ಅದನ್ನ ತನ್ನದು ಅನ್ನಲ್ಲ. ಅಪ್ಪ ಹೇಳಿದ್ದು ಮರೆತ್ಯಾ?”

“ಅದ್ರಲ್ಲಿ ಲೋಹದ ಪುಡಿ ಇದೆ, ಅಲೆ ದಾಟಲ್ಲ. ಬಾಯಿಗೆ ಬಟ್ಟೆ ತುರುಕಿ ಹಾಡು ಅಂದ ಹಾಗಾಯ್ತು.”

“ಇಷ್ಟು ನಾಜೂಕಾ? ಸ್ಪಂಜಿನ ಕೋಣೇಲಿ ಬೆಳೆದ ಕೂಸು, ಪಾಪ.”

“ಬಣ್ಣ ಕೆರೆದುಬಿಡು.”

“ಬಳೀದೆ ಇರೋದನ್ನ ಹೊತ್ಕೊಂಡು ನಾನು ಸಮುದ್ರಕ್ಕೆ ಹೋಗಲ್ಲ. ಹಳೇ ಥರದ ಉದ್ದನೆ ಆಂಟೆನಾ ಕೋಲೇ ಸಾಕು ಬಿಡು.”

ಸೈಮಿಯೂ ಅದೇ ಮನೆಯ ಮಗಳು. ಅಪ್ಪನ ಮರದ ದೋಣಿ ನೆನಪಾಯಿತು. ವಸಂತದಲ್ಲಿ ಅದಕ್ಕೆ ಬಳಿಯುತ್ತಿದ್ದ, ಪೈನ್ ಬೇರುಗಳನ್ನು ಸುಟ್ಟು ಇಳಿಸಿದ ಕಪ್ಪು ಟಾರು ನೆನಪಾಯಿತು; ಅದರಲ್ಲಿ ಲೋಹವಿಲ್ಲ.

ಮರುದಿನ ಇನ್ನೊಂದು ಹಲಗೆಗೆ ಆ ಟಾರನ್ನು ಬಳಿದು ನೀಲಿ ಕೋಣೆಗೆ ಒಯ್ದಳು. ಏನೂ ಮರಳದ ಆ ಕೋಣೆಗೆ ಹೊಗೆಯ, ಅಪ್ಪನ ಅಂಗಿಯ ವಾಸನೆ ಮರಳಿ ಬಂತು. ಪರದೆಯ ಮೇಲೆ, ಹಲಗೆಗೆ ಒಗ್ಗುವ ಅಲೆಗಳನ್ನು ತೋರುವ ಗೆರೆ ತುಸು ಪಕ್ಕಕ್ಕೆ ಸರಿಯಿತು, ಅಷ್ಟೇ. ಹರವು ಅಗಲವಾಗಿತ್ತಲ್ಲ, ಫೋನಿನ ಅಲೆಗಳು ಅದರ ಹೊರಗೆ ಚೆಲ್ಲಲಿಲ್ಲ.

ತೌನೊ ಬೆಳ್ಳಿ ಬಣ್ಣವನ್ನು ಕೆರೆದ. ಯಜಮಾನನ ಗತ್ತಿನಲ್ಲಿ, ಕೈಯಾರೆ ಟಾರು ಬಳಿದ.

ಅವನು ಮತ್ತೆ ಸಮುದ್ರಕ್ಕೆ ಹೋದ ಬೆಳಗ್ಗೆ ಫೋನು ಕಿವಿಗಿಟ್ಟ ಸೈಮಿ ಕಣ್ಣು ಮುಚ್ಚಿದಳು.

“ಇಲ್ಲಿಂದ ದಡ ಕಾಣಲ್ಲ ಕಣೆ. ಹಂಸಗಳು ಬಂದಿವೆ, ತಲೆ ಮೇಲೇ ಹಾರ್ತಿವೆ. ಕೇಳ್ತಿದ್ಯಾ?”

ದನಿಯ ಹಿಂದೆ ರೆಕ್ಕೆಗಳ ಸದ್ದೂ ಇತ್ತು.

“ಯಾಕೆ ಸುಮ್ನಿದ್ದೀಯ? ನಿನ್ನ ಬಾಯಿಗೂ ಬಣ್ಣ ಬಳಿದ್ರಾ?”

“ನೀನು ಮಾತಾಡ್ತಾ ಇರು ಅಣ್ಣ,” ಎಂದಳು ಸೈಮಿ.