ಮೀಸಲು ನಿಧಿಯ ಏಳನೆಯ ಪುಟ

ವಸತಿ ಸಂಕೀರ್ಣದ ನಿರ್ವಹಣೆಯೆಂದರೆ ನಲ್ಲಿ ಸೋರಿದಾಗ ರಿಪೇರಿಯವರನ್ನು ಕರೆಸುವುದೆಂದಷ್ಟೇ ನಾವು ತಿಳಿದಿದ್ದ ಕಾಲದಲ್ಲಿ, ಮುಂದೆಂದೋ ಸವೆಯಲಿರುವ ಲಿಫ್ಟು, ಚಾವಣಿ, ಪೈಪುಗಳಿಗೆ ಇಂದೇ ಹಣ ಕೂಡಿಡಬೇಕೆಂದೂ, ಕೂಡಿಟ್ಟದ್ದರ ನಿಜಸ್ಥಿತಿಯನ್ನು ಮನೆಮಾಲೀಕರಿಗೆಲ್ಲ ತಿಳಿಸಬೇಕೆಂದೂ ಪಟ್ಟು ಹಿಡಿದ ವಿರಳರಲ್ಲಿ ನಮ್ಮ ಸಂಘದ ವ್ಯವಸ್ಥಾಪಕಿಯವರು ಅಗ್ರಗಣ್ಯರು. ತೊಂಬತ್ತಾರು ಮನೆಗಳ ನಮಗೆಲ್ಲ ಅವರು 'ಲೆಕ್ಕದಕ್ಕ'. ಹತ್ತೊಂಬತ್ತು ವರ್ಷಗಳ ಸೇವೆಯಿಂದ ನಿವೃತ್ತರಾಗುತ್ತಿರುವ ಅವರ ಕುರಿತು ಬರೆಯಲು ನನಗೆ ಅಳುಕು. ತುಂಬಿದ ಸಭೆಯಲ್ಲಿ ಅವರ ರಾಜೀನಾಮೆ ಕೇಳಿದವಳು ನಾನೇ.

ಅವರು ಸೇರಿದ ಎರಡನೆಯ ವರ್ಷ. ವಾರ್ಷಿಕ ಸಭೆಗೆ ಅರ್ಧ ಗಂಟೆ ಮುಂಚೆ, ನೆಲಮಹಡಿಯ ಇಕ್ಕಟ್ಟಾದ ಕಚೇರಿಯಲ್ಲಿ ಸಂಘದ ಅಂದಿನ ಅಧ್ಯಕ್ಷರು, ಮೀಸಲು ನಿಧಿಯ ಲೆಕ್ಕವಿದ್ದ ವರದಿಯ ಏಳನೆಯ ಪುಟದ ಮೇಲೆ ಬೆರಳಿಟ್ಟು, "ಇದೊಂದನ್ನ ಬಿಟ್ಟುಬಿಡಿ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿರಲಿ" ಎಂದರಂತೆ. ಅಲ್ಲಿ ದೀಪ ಸರಿಪಡಿಸುತ್ತಿದ್ದ ಎಲೆಕ್ಟ್ರಿಷಿಯನ್ ಆಮೇಲೆ ನಮಗೆ ಹೇಳಿದ ಮಾತಿದು. ಮಾಸಿಕ ಶುಲ್ಕ ಏರಿಸದೆ ಒಳ್ಳೆಯವರೆನಿಸಿಕೊಂಡಿದ್ದ ಅಧ್ಯಕ್ಷರು ಐದು ವರ್ಷಗಳಿಂದ ದಿನನಿತ್ಯದ ಖರ್ಚಿಗೆ ಮೀಸಲು ನಿಧಿಗೇ ಕೈಹಾಕಿದ್ದರು. ಇರಬೇಕಾದದ್ದರಲ್ಲಿ ಕಾಲುಭಾಗವಷ್ಟೇ ಉಳಿದಿತ್ತು. ಲೆಕ್ಕದಕ್ಕನವರಿಗೋ ಮನೆಯಲ್ಲಿ ಹಾಸಿಗೆ ಹಿಡಿದ ತಂದೆ; ದುಡಿಯುವ ಕೈ ಅವರೊಬ್ಬರದೇ.

ಅವರು ಆ ಪುಟವನ್ನು ಓದಿದರು. ದನಿ ಎರಡು ಸಲ ಒಡೆಯಿತು. ನೀರು ಕುಡಿದು, ಅದೇ ಸಾಲನ್ನು ಮತ್ತೆ ಮೊದಲಿಂದ ಓದಿ, ಶುಲ್ಕ ಒಂದೂವರೆ ಪಟ್ಟಾಗದೆ ಗತ್ಯಂತರವಿಲ್ಲವೆಂದರು. ಸಭೆ ಭುಗಿಲೆದ್ದಿತು. "ನಮ್ಮನ್ನ ಹೆದರಿಸಿ ದುಡ್ಡು ಕೀಳೋಕೆ ನೋಡ್ತಿದೀರಾ? ಮೊದಲು ರಾಜೀನಾಮೆ ಕೊಡಿ!" ಎಂದು ನಾನು ಕೂಗಿದೆ. ಚಪ್ಪಾಳೆ ಬಿತ್ತು. ನನ್ನ ಯಜಮಾನರ ಕೆಲಸ ಹೋಗಿ ನಾಲ್ಕು ತಿಂಗಳಾಗಿದ್ದುದು ಚಪ್ಪಾಳೆ ತಟ್ಟಿದವರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅವರೇ!

"ಮೂರು ತಿಂಗಳ ಶುಲ್ಕ ಬಾಕಿ ಇದೆಯಲ್ಲ," ಎಂದರು ಮೆಲ್ಲಗೆ. "ಕಂತು ಮಾಡ್ಕೊಳ್ಳೋಣ್ವಾ? ಯಾರಿಗೂ ಹೇಳ್ಬೇಕಾಗಿಲ್ಲ."

ಬಾಕಿದಾರರ ಪಟ್ಟಿ ಹಿಂದಿನ ದಿನವೂ ಅವರ ಕೈಯಲ್ಲೇ ಇತ್ತು. ಒಂದು ಹೆಸರು ಓದಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಓದಿರಲಿಲ್ಲ.

ಹದಿನೈದು ದಿನಗಳ ಬಳಿಕ ಮತ್ತೆ ಸಭೆ ಸೇರಿದಾಗ, ಅವರನ್ನು ತೆಗೆಯುವ ನಿರ್ಣಯ ಮೇಜಿನ ಮೇಲಿತ್ತು. ನಾನು ಎದ್ದುನಿಂತು ನಮ್ಮ ಮನೆಯ ಬಾಕಿಯನ್ನು ನಾನೇ ಹೇಳಿಕೊಂಡೆ. ಕಂತಿನ ಮಾತನ್ನೂ ಹೇಳಿದೆ. ಆಮೇಲೆ ಮತ ಎಣಿಸಿದರು. ಏಳು ಮತಗಳ ಅಂತರದಲ್ಲಿ ಅವರು ಉಳಿದರು, ಶುಲ್ಕ ಏರಿತು, ಅಧ್ಯಕ್ಷರು ಕೆಳಗಿಳಿದರು. ಕಂತಿನ ಸೌಲಭ್ಯ ಎಲ್ಲರಿಗೂ ನಿಯಮವಾಯಿತು.

ನಾಲ್ಕು ವರ್ಷ ಕಳೆದು, ಮೇಲಿನ ನೀರಿನ ತೊಟ್ಟಿಯ ಕಂಬ ಬಿರುಕು ಬಿಟ್ಟಿತು. "ಹತ್ತು ದಿನದಲ್ಲಿ ಕೆಲಸ ಶುರುವಾಗದಿದ್ರೆ ಮೇಲಿನ ಎರಡು ಮಹಡಿ ಖಾಲಿ ಮಾಡಿಸ್ಬೇಕಾಗುತ್ತೆ" ಎಂದರು ಎಂಜಿನಿಯರರು. ಮೇಲಿನ ಮಹಡಿಯ ನಾವು ಸಾಮಾನು ಕಟ್ಟಲೋ ಬೇಡವೋ ಎಂದು ಅವರ ಮುಖವನ್ನೇ ನೋಡುತ್ತ ನಿಂತೆವು. ಅವರು ಮೀಸಲು ನಿಧಿಯ ಠೇವಣಿ ಲೆಕ್ಕವನ್ನು ಎರಡು ಸಲ ಕೂಡಿದರು.

"ದುಡ್ಡಿದೆ. ನಾಳೆನೇ ಶುರು ಮಾಡಿ."

ಯಾರೂ ಮನೆ ಬಿಡಬೇಕಾಗಲಿಲ್ಲ.

ಪಕ್ಕದ ರಸ್ತೆಯ ಸಂಘದವರು ಈಗಾಗಲೇ ಅವರನ್ನು ಸಲಹೆಗೆ ಕರೆದಿದ್ದಾರೆ. ಅವರು ಒಪ್ಪಿಯೂ ಇದ್ದಾರೆ. ಕಹಿ ಸತ್ಯವನ್ನು ಯಾರ ಮಾನವನ್ನೂ ಕಳೆಯದೆ ಹೇಳಬಲ್ಲ ಆ ಹಿರಿಯ ಜೀವಕ್ಕೆ ಆಯಸ್ಸೂ ಆರೋಗ್ಯವೂ ತುಂಬಿ ಬರಲಿ. ಅವರ ಕೈಕೆಳಗೆ ಇನ್ನಷ್ಟು ಮಂದಿ ಪಳಗಲಿ.