ಸಮೀನಾಳ ಹಿಮದ ಬೆಟ್ಟ

ಐಸ್‌ಲ್ಯಾಂಡಿನ ಒಂದು ಜ್ವಾಲಾಮುಖಿ ಸಿಡಿದದ್ದಕ್ಕೆ ಶಿಕ್ಷೆ ಅನುಭವಿಸಿದವಳು ಹತ್ತು ವರ್ಷದ ನನ್ನ ಗೆಳತಿ ಸಮೀನಾ. ಶಿಕ್ಷೆ ಕೊಟ್ಟದ್ದು ಬೆಟ್ಟವಲ್ಲ, ನಮ್ಮ ಶಾಲೆ.

ಆಗ ನಾವು ಮ್ಯಾಂಚೆಸ್ಟರಿನಲ್ಲಿ, ವಿಮಾನ ನಿಲ್ದಾಣಕ್ಕೆ ಹತ್ತಿರದ ವಿದನ್‌ಶಾ ಬಡಾವಣೆಯಲ್ಲಿದ್ದೆವು. ಮಾತಿನ ನಡುವೆ ತಲೆಯ ಮೇಲೆ ವಿಮಾನ ಹಾದರೆ ಎಲ್ಲರೂ ಸುಮ್ಮನಾಗಿ, ಅದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದ ಕಾಲ ಅದು. ನನ್ನ ಅಪ್ಪ ಮತ್ತು ಸಮೀನಾಳ ತಾಯಿ ಜುಬೇದಾ ಆಂಟಿ ಒಂದೇ ಆಸ್ಪತ್ರೆಯ ವೈದ್ಯರು. ನಾವು ಮೈಸೂರಿನವರು, ಅವರು ಕಲಬುರಗಿಯವರು. ಕೆಲಸದ ಪಟ್ಟಿಯಲ್ಲಿ ಯಾರ ಪಾಳಿ ಬಂದರೂ ಮಕ್ಕಳಿಬ್ಬರಿಗೂ ಇನ್ನೊಬ್ಬರ ಮನೆಯಲ್ಲಿ ಊಟ.

ಆ ವಸಂತದಲ್ಲಿ ನಗರದ ಶಾಲೆಗಳ ಭೂಗೋಳ ಮೇಳಕ್ಕೆ ನಮ್ಮ ತರಗತಿಯಿಂದ ಸಮೀನಾ ಆಯ್ಕೆಯಾಗಿದ್ದಳು. ಮಾತನಾಡುವವಳು ಅವಳು, ಮಾದರಿಗೆ ಕೈಜೋಡಿಸುವವಳು ನಾನು. ಅವಳು ಆರಿಸಿಕೊಂಡದ್ದು, ಆಗಷ್ಟೇ ಟಿವಿಯಲ್ಲಿ ಬೆಂಕಿಯ ಕಾರಂಜಿ ಚಿಮ್ಮಿಸುತ್ತಿದ್ದ ಐಸ್‌ಲ್ಯಾಂಡಿನ ಬೆಟ್ಟವನ್ನು. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಉಪ್ಪು ಬೆರೆಸಿದ ಹಿಟ್ಟಿನಲ್ಲಿ ಕಟ್ಟಿದೆವು, ಕೇಕಿನಂತೆ ಅರ್ಧ ಕತ್ತರಿಸಿ ಒಳಗು ಕಾಣುವ ಹಾಗೆ. ಲಾವಾ ಹರಿದು ಗಟ್ಟಿಯಾದ ಪದರಗಳಿಗೆ ರಾಗಿ ಹಿಟ್ಟು. ಹಿಮಯುಗದಲ್ಲಿ ಐಸಿನ ಅಡಿಯಲ್ಲೇ ಸಿಡಿದು ಪುಡಿಯಾಗಿ ಕೂತ ಪದರಗಳಿಗೆ ಅರಿಶಿನ. ನೆತ್ತಿಯ ಹಿಮನದಿಗೆ ಬಿಳಿ ಮೈದಾ. ಲಕ್ಷಾಂತರ ವರ್ಷ ಹೀಗೆ ಪದರದ ಮೇಲೆ ಪದರ ಪೇರಿಸಿಕೊಂಡು ಬೆಳೆದ ಬೆಟ್ಟ ಅದು.

"ತಿನ್ನೋ ಹಿಟ್ಟಲ್ಲಿ ಬೆಟ್ಟ ಕಟ್ತೀರೇನ್ರೇ?" ಎಂದು ಅಮ್ಮ ಗದರಿದರು. ಗದರುತ್ತಲೇ ಅರಿಶಿನದ ಡಬ್ಬಿಯನ್ನು ನಮ್ಮತ್ತ ಸರಿಸಿದರು.

ಈಸ್ಟರ್ ರಜೆಯಲ್ಲಿ, ಕಲಬುರಗಿಯಲ್ಲಿ ಸಮೀನಾಳ ಚಿಕ್ಕಮ್ಮನ ಮದುವೆಯಿತ್ತು. ಜುಬೇದಾ ಆಂಟಿ ಶಾಲೆಯಲ್ಲಿ ಎರಡು ದಿನ ಹೆಚ್ಚಿನ ರಜೆ ಕೇಳಿದರು. ಮುಖ್ಯೋಪಾಧ್ಯಾಯಿನಿ ಕೊಡಲಿಲ್ಲ. ಹಾಗಾಗಿ ಆರತಕ್ಷತೆಯನ್ನೇ ಬಿಟ್ಟು, ಶಾಲೆ ಶುರುವಾಗುವ ಮುನ್ನವೇ ಮರಳುವ ಟಿಕೆಟ್ ಮಾಡಿಸಿದರು. ಇದನ್ನು ನಾನು ಒತ್ತಿ ಹೇಳುತ್ತೇನೆ. ಅವರು ನಿಯಮ ಪಾಲಿಸಿದ್ದರು.

ಅವರು ಊರಲ್ಲಿರುವಾಗಲೇ ಬೆಂಕಿ ಬೆಟ್ಟದ ಪಕ್ಕೆಯಿಂದ ನೆತ್ತಿಗೆ, ಹಿಮನದಿಯ ಅಡಿಗೆ ಸರಿಯಿತು. ಬೂದಿ ಗಾಳಿಯಲ್ಲಿ ನಮ್ಮತ್ತ ಬಂತು. ವಿಮಾನಗಳೆಲ್ಲ ರದ್ದಾಗಿ ವಿದನ್‌ಶಾದ ಆಕಾಶ ಖಾಲಿಯಾಯಿತು; ಸಮೀನಾ ಊರಲ್ಲೇ ಉಳಿದಳು.

ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿದ್ದ ರಘು ಮಾಮ ಆ ಶನಿವಾರ ಊಟಕ್ಕೆ ಬಂದರು. ಬೆಟ್ಟ ಕಟ್ಟಿ ಉಳಿದು ಫ್ರಿಜ್ಜಿನಲ್ಲಿದ್ದ ಹಿಟ್ಟನ್ನು ಅಮ್ಮ ಗೊತ್ತಿಲ್ಲದೆ ಚಪಾತಿ ಮಾಡಿ ಬಡಿಸಿದರು.

ಮಾಮ ಒಂದು ತುತ್ತು ಅಗಿದು ನಿಲ್ಲಿಸಿದರು. "ಅಕ್ಕಾ, ನಾನೇನು ತಪ್ಪು ಮಾಡಿದೆ?"

"ಯಾಕೋ?"

"ಸಮುದ್ರಾನೇ ಲಟ್ಟಿಸಿ ಹಾಕಿದ್ದೀಯಲ್ಲ!"

ನಗು ಇಳಿದ ಮೇಲೆ ನಾನು ಕೇಳಿದೆ. ಬರೀ ಬೂದಿಗೆ ವಿಮಾನ ಯಾಕೆ ಹೆದರಬೇಕು?

"ಅದು ನಮ್ಮ ಒಲೆ ಬೂದಿ ಅಲ್ಲ ಪುಟ್ಟಿ, ಗಾಜು. ಕುದಿಯೋ ಶಿಲೆಗೆ ಐಸ್ ನೀರು ತಾಗಿದರೆ ಚೂರುಚೂರಾಗಿ ಸಿಡಿಯತ್ತೆ. ಆ ಪುಡಿ ಎಂಜಿನ್ ಒಳಗೆ ಹೋದರೆ ಮತ್ತೆ ಕರಗಿ ಬ್ಲೇಡಿಗೆ ಮೆತ್ಕೊಳತ್ತೆ. ಎಂಜಿನ್ ಉಸಿರು ಕಟ್ಟಿ ನಿಲ್ಲತ್ತೆ."

ಸೋಮವಾರ ಶಾಲೆ ತೆರೆಯಿತು. ಅಸೆಂಬ್ಲಿಯ ಪರದೆಯ ಮೇಲೆ ನಮ್ಮ ತರಗತಿಯ ಆಲಿವರ್ ಸ್ಪೇನಿನ ಟೆನರೀಫ್ ದ್ವೀಪದ ಈಜುಕೊಳದಲ್ಲಿ ನಗುತ್ತಿದ್ದ. "ಪಾಪ, ನಮ್ಮ ಆಲಿವರ್ ಸಿಕ್ಕಿಹಾಕಿಕೊಂಡಿದ್ದಾನೆ" ಎಂದರು ಮುಖ್ಯೋಪಾಧ್ಯಾಯಿನಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಮೇಘಾ, ಮೇಳದಲ್ಲಿ ನೀನೇ ಮಾತಾಡು. ನಾನು ಬೇಡವೆಂದರೂ ಸಮೀನಾಳ ಮನೆಯವರು ರಜೆ ತೆಗೆದುಕೊಂಡಿದ್ದಾರೆ. ನಿಮ್ಮವರಲ್ಲಿ ಇದು ಅಭ್ಯಾಸ."

"ಆಲಿವರ್?"

"ಅವನ ವಿಷಯ ಬೇರೆ. ಅವನ ವಿಮಾನ ರದ್ದಾಗಿದೆ."

"ಅವಳದೂ ರದ್ದಾಗಿದೆ, ಮಿಸ್. ಅದೇ ಬೆಟ್ಟ. ಅದೇ ಗಾಜು." ನನ್ನ ಧ್ವನಿ ಏರಿತ್ತು, ಸಾಲಿನಲ್ಲಿ ಹೊರಡುತ್ತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. "ಅವಳ ಜಾಗದಲ್ಲಿ ನಾನು ಮಾತಾಡಲ್ಲ."

ಒರಟುತನಕ್ಕಾಗಿ ನನ್ನನ್ನೂ ಕೈಬಿಟ್ಟರು. ಮೇಳಕ್ಕೆ ನದಿಯ ಚಿತ್ರ ಒಯ್ಯಲು ಬೇರೆ ಮಕ್ಕಳನ್ನು ಆರಿಸಿದರು. ಆಕಾಶ ತೆರೆದು ಸಮೀನಾ ಮರಳಿದಳು. ಮೇಳಕ್ಕೆ ಇನ್ನೂ ಒಂದು ವಾರವಿತ್ತು. ಜುಬೇದಾ ಆಂಟಿ ವಿಮಾನ ಸಂಸ್ಥೆಯ ಪತ್ರ ಹಿಡಿದು ಶಾಲೆಗೆ ಹೋದರು. "ನಿರ್ಧಾರವಾಗಿದೆ" ಎಂಬ ಒಂದೇ ಉತ್ತರ. ಮೇಲಾಗಿ ಅವಳ ಹೆಸರಿನ ಮುಂದೆ 'ಅನುಮತಿಯಿಲ್ಲದ ಗೈರುಹಾಜರಿ' ಎಂದು ಬರೆದಿಟ್ಟರು. ಆಲಿವರನ ಹೆಸರಿನ ಮುಂದೆ ಬರೆಯಲಿಲ್ಲ.

ಮೇಳದ ದಿನ ಶನಿವಾರ. ಅಮ್ಮ ಇಸ್ತ್ರಿ ಮಾಡುವ ಮೇಜನ್ನು ಬೀದಿಯ ಬಸ್ ನಿಲ್ದಾಣದ ಪಕ್ಕ ನಿಲ್ಲಿಸಿ, ಬೆಟ್ಟವನ್ನು ಅದರ ಮೇಲಿಟ್ಟರು. "ಮಾತಾಡ್ರೇ. ಕೇಳೋಕೆ ಅವರೇ ಬೇಕಾ?"

ವಿಮಾನ ನಿಲ್ದಾಣದಿಂದ ಪಾಳಿ ಮುಗಿಸಿ ಬಂದವರು ಒಬ್ಬೊಬ್ಬರೇ ಬಸ್ಸಿನಿಂದ ಇಳಿದರು. ಹಳದಿ ಜಾಕೆಟ್ಟಿನ ಒಬ್ಬ ಹೆಂಗಸು ಬೆಟ್ಟವನ್ನು ದಿಟ್ಟಿಸಿ ಕೇಳಿದರು: "ನಮ್ಮನ್ನೆಲ್ಲ ಮನೇಲಿ ಕೂರಿಸಿದ ಪೋಕರಿ ಇವನೇನಾ?"

"ಇವನೇ," ಎಂದಳು ಸಮೀನಾ. "ಸುಮಾರು ಇನ್ನೂರು ವರ್ಷದ ಹಿಂದೆಯೂ ಎದ್ದಿದ್ದ. ಆಗ ವರ್ಷಕ್ಕೂ ಹೆಚ್ಚು ಕಾಲ ಬಿಟ್ಟುಬಿಟ್ಟು ಕೆಮ್ಮಿದ."

"ನನ್ನ ಗಂಡನ ಹಾಗೆ!"

ಸಮೀನಾ ಅಳುಕಲಿಲ್ಲ. ಅರಿಶಿನದ ಪದರ ತೋರಿಸಿ ಐಸಿನಡಿಯ ಸ್ಫೋಟ ವಿವರಿಸಿದಳು. ರಾಗಿಯ ಪದರ ತೋರಿಸಿ ಲಾವಾ ಹರಿಸಿದಳು. ಕರಗಿದ ಹಿಮನದಿ ಪ್ರವಾಹವಾಗಿ ರಸ್ತೆ ಮುರಿದದ್ದನ್ನು ಎರಡೂ ಕೈ ಬೀಸಿ ಹೇಳಿದಳು. ಬಸ್ಸಿಗೆ ಕಾಯುತ್ತಿದ್ದವರೂ ಬಸ್ಸು ತಪ್ಪಿಸಿಕೊಂಡು ಕೇಳಿದರು. ಅಷ್ಟು ಚೆನ್ನಾಗಿ ಪಾಠ ಹೇಳಿದವರನ್ನು ಆಮೇಲೆ ನಾನು ವಿಶ್ವವಿದ್ಯಾಲಯದಲ್ಲೂ ಕಂಡಿಲ್ಲ.

ಆದರೆ ಶಾಲೆಯಲ್ಲಿ ಅವಳು ಮತ್ತೆ ಕೈ ಎತ್ತಲಿಲ್ಲ. ಮೊದಲೆಲ್ಲ ಅವಳ ಕೋಟಿನ ಜೇಬು ದಾರಿಯಲ್ಲಿ ಹೆಕ್ಕಿದ ಕಲ್ಲುಗಳ ಭಾರಕ್ಕೆ ಜೋತು ಬಿದ್ದಿರುತ್ತಿತ್ತು. ಬೇಸಿಗೆಯ ಹೊತ್ತಿಗೆ ಖಾಲಿಯಾಯಿತು. ಈಗ ಅವಳು ಲೀಡ್ಸಿನಲ್ಲಿ ವಿಮೆ ಕಂಪನಿಯೊಂದರಲ್ಲಿದ್ದಾಳೆ. "ಚೆನ್ನಾಗೇ ಇದ್ದಾಳಲ್ಲ" ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಭೂವಿಜ್ಞಾನಿಯಾಗಬೇಕಿದ್ದ ಒಬ್ಬಳನ್ನು ಕಳೆದುಕೊಂಡದ್ದು ನಾವೆಲ್ಲ, ಕಳೆದದ್ದು ಆ ಶಾಲೆ. ನಾವಿಬ್ಬರೂ ಇನ್ನೊಂದನ್ನು ಕಳೆದುಕೊಂಡೆವು: ಎರಡು ಮನೆಗಳ ಮಕ್ಕಳು ಒಂದೇ ತಟ್ಟೆಗೆ ಕೈಹಾಕುತ್ತಿದ್ದ ಆ ಸಲಿಗೆಯನ್ನು. ಮರುವರ್ಷವೇ ಜುಬೇದಾ ಆಂಟಿ ಮಗಳನ್ನು ಬೇರೆ ಶಾಲೆಗೆ ಸೇರಿಸಿ, ಊರನ್ನೇ ಬದಲಿಸಿದರು.

ಆ ಶಾಲೆಯ ಆಡಳಿತ ಮಂಡಳಿಯವರೇ, ಗೈರುಹಾಜರಿಗೆ 'ಮುಖ್ಯೋಪಾಧ್ಯಾಯರ ವಿವೇಚನೆ' ಎಂಬ ನಿಯಮ ನಿಮ್ಮಲ್ಲಿ ಇಂದಿಗೂ ಇದೆ. ಯಾವ ಮಗುವಿನ ತಡವಾದ ವಿಮಾನ ದುರದೃಷ್ಟ, ಯಾವ ಮಗುವಿನದು ಕಳ್ಳಾಟ ಎಂದು ಅದು ಇಂದಿಗೂ ಮುಖ ನೋಡಿ ತೀರ್ಮಾನಿಸುತ್ತದೆ. ಈ ಶಾಲಾ ಅವಧಿ ಮುಗಿಯುವುದರೊಳಗೆ ಆ ನಿಯಮವನ್ನು ತೆಗೆಯಿರಿ. ವಿಮಾನ ರದ್ದಾದ ಪ್ರತಿ ಮಗುವಿಗೂ ಒಂದೇ ನಿಯಮ ಬರೆಯಿರಿ. ಸಮೀನಾಳ ದಾಖಲೆಯನ್ನು ತಿದ್ದಿ, ಅವಳ ಹೆಸರು ಹಿಡಿದು, ಬಹಿರಂಗವಾಗಿ ಅವಳ ಕ್ಷಮೆ ಕೇಳಿ.