ಪಟ್ಟಿಯಕ್ಕನ ಹಳೆಯ ಕಂಪ್ಯೂಟರ್

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆ ದಾಟಿದರೆ ಶವಾಗಾರ. ಅದಕ್ಕೆ ಅಂಟಿಕೊಂಡಿದ್ದ ಹತ್ತಡಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತ ಗುಮಾಸ್ತೆಗೆ ಅವಳ ಅಪ್ಪ ಅಮ್ಮ ಇಟ್ಟ ಹೆಸರು ಆಸ್ಪತ್ರೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ಪಟ್ಟಿಯಕ್ಕ. ಹೇಳುವವರು ಕೇಳುವವರು ಇಲ್ಲದ ಹೆಣಗಳ ಪಟ್ಟಿ ಇಡುವುದು ಅವಳ ಕೆಲಸ. ರಸ್ತೆ ಬದಿಯಲ್ಲಿ ಸಿಕ್ಕವರು, ಹೊಳೆಯಲ್ಲಿ ತೇಲಿ ಬಂದವರು, ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಲ್ಲೇ ತಣ್ಣಗಾದವರು. ಹದಿನೈದು ದಿನ ಕಾಯುವುದು, ಯಾರೂ ಬರದಿದ್ದರೆ ಊರಾಚೆಯ ಸ್ಮಶಾನದಲ್ಲಿ ನಂಬರಿನ ಕಲ್ಲು ನೆಟ್ಟು ಹೂಳುವುದು. ಆ ನಂಬರು ಯಾರದು ಅಂತ ಹೇಳಬಲ್ಲವಳು ಅವಳೊಬ್ಬಳೇ. ಅವಳಿಗೂ ಅದನ್ನು ಹೇಳುತ್ತಿದ್ದುದು ಮೇಜಿನ ಮೇಲಿದ್ದ ಕಂಪ್ಯೂಟರ್.

ಅದು ಡಬ್ಬದಂಥ ಮಾನಿಟರಿನ ಹಳೇ ಯಂತ್ರ. ಬೆಳಿಗ್ಗೆ ಗುಂಡಿ ಒತ್ತಿದರೆ ಅವಳು ನೆಲ ಗುಡಿಸಿ, ಕೈಕಾಲು ತೊಳೆದು ಬರುವ ಹೊತ್ತಿಗೆ ಕಣ್ಣು ಬಿಡುತ್ತಿತ್ತು. ಅದರಲ್ಲಿದ್ದ ಪ್ರೋಗ್ರಾಂ ಅಂಗಡಿಯಿಂದ ತಂದದ್ದಲ್ಲ. ಹೆಣ ಕೊಯ್ದು ಪರೀಕ್ಷೆ ಮಾಡುತ್ತಿದ್ದ ಹಿರಿಯ ಡಾಕ್ಟರು ಬಿಡುವಿನಲ್ಲಿ ತಾವೇ ಕೂತು ಬರೆದದ್ದು. "ಎಡ ಮೊಣಕೈ, ಸುಟ್ಟ ಕಲೆ" ಅಂತ ಟೈಪ್ ಮಾಡಿದರೆ ಅಂಥ ಕಲೆ ಇದ್ದವರೆಲ್ಲ ಫೋಟೋ ಸಮೇತ ಬರುತ್ತಿದ್ದರು. ಹಚ್ಚೆ, ಮುರಿದ ಹಲ್ಲು, ಅಂಗಿಯ ಕಾಲರಿನ ಮೇಲಿನ ದರ್ಜಿಯ ಗುರುತು, ಯಾವುದನ್ನು ಕೇಳಿದರೂ ಹುಡುಕುತ್ತಿತ್ತು. ಡಾಕ್ಟರು ನಿವೃತ್ತರಾದ ಮರುವರ್ಷವೇ ತೀರಿಕೊಂಡರು. ಆ ಪ್ರೋಗ್ರಾಮಿನ ಒಳಗುಟ್ಟು ಅವರ ಜೊತೆಗೇ ಹೋಯಿತು.

ಒಮ್ಮೆ ಒಬ್ಬ ಮುದುಕಿ ಬಂದಿದ್ದಳು. ಮಗ ಮನೆ ಬಿಟ್ಟು ಎಂಟು ತಿಂಗಳಾಗಿತ್ತು. ಅವನ ಪ್ಯಾಂಟಿನ ಜೇಬಿಗೆ ತಾನೇ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದೆ ಅಂದಳು. ಪಟ್ಟಿಯಕ್ಕ ಟೈಪ್ ಮಾಡಿದಳು, ಸಿಕ್ಕ. ಮುದುಕಿ ಫೋಟೋ ನೋಡಿ, "ಸತ್ತ ಅಂತ ಗೊತ್ತಾಯ್ತಲ್ಲ ತಾಯಿ. ಎಂಟು ತಿಂಗಳಿಂದ ಬಾಗಿಲಿಗೆ ಅಗುಳಿ ಹಾಕಿಲ್ಲ ನಾನು. ಇನ್ನು ಹಾಕ್ಕೊಂಡು ಮಲಗ್ತೀನಿ" ಅಂದಳು. ಅವತ್ತಿನಿಂದ ಪಟ್ಟಿಯಕ್ಕನಿಗೆ ಆ ಕೆಲಸ ಬರೀ ಕೆಲಸವಾಗಿ ಉಳಿಯಲಿಲ್ಲ.

ಹೀಗಿರುವಾಗ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು: ಆಸ್ಪತ್ರೆಯ ಎಲ್ಲ ಕಂಪ್ಯೂಟರುಗಳಿಗೂ ವರ್ಷಾಂತ್ಯದೊಳಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸತಕ್ಕದ್ದು, ಅದನ್ನು ತಾಳದ ಯಂತ್ರಗಳನ್ನು ಬದಲಿಸತಕ್ಕದ್ದು. ಉಳಿದ ವಿಭಾಗಗಳವರು ಹಬ್ಬವೇ ಬಂತೆಂಬಂತೆ ಹಿಗ್ಗಿದರು. ಪಟ್ಟಿಯಕ್ಕ ಮಾತ್ರ ಒಂದು ಹಾಳೆ ತೆಗೆದು ಬೇಡವೆಂದು ಬರೆದಳು. ಇದರಲ್ಲಿರುವ ಪ್ರೋಗ್ರಾಂ ಹೊಸದರಲ್ಲಿ ನಡೆಯುವುದಿಲ್ಲ. ಎರಡು ಸಾವಿರದ ನೂರ ನಲವತ್ತು ಜನರ ಗುರುತು ಇದರೊಳಗಿದೆ, ಬೇರೆಲ್ಲೂ ಇಲ್ಲ. ಹಳೆಯದಕ್ಕೆ ವೈರಸ್ ಬರುತ್ತದೆ ಅನ್ನುವುದಾದರೆ, ಇದಕ್ಕೆ ಇಂಟರ್‌ನೆಟ್ಟೇ ಇಲ್ಲ. ನಿಧಾನ ಅನ್ನುವುದಾದರೆ, ಇಲ್ಲಿಗೆ ಬಂದವರಿಗೆ ಅವಸರವಿಲ್ಲ.

ಕೊನೆಯ ಸಾಲು ಓದಿ ಅಧೀಕ್ಷಕರು ಅವಳನ್ನು ಕರೆಸಿದರು.

"ಏನಮ್ಮಾ, ತಮಾಷೆನಾ?"

"ಇಲ್ಲ ಸಾರ್. ಇದ್ದದ್ದನ್ನೇ ಬರೆದಿದೀನಿ."

"ಇಡೀ ಆಸ್ಪತ್ರೆಗೆ ಒಂದು ದಾರಿ, ನಿಮಗೇ ಒಂದು ದಾರಿನಾ? ನೂರಕ್ಕೆ ನೂರು ಆಯ್ತು ಅಂತ ನಾನು ವರದಿ ಕಳಿಸಬೇಕು. ನಿಮ್ಮೊಂದು ಕೋಣೆಗೋಸ್ಕರ ತೊಂಬತ್ತೊಂಬತ್ತು ಅಂತ ಬರೀಲಾ?"

"ಬರೀರಿ ಸಾರ್. ಒಂದು ಕಡಿಮೆಯಾದರೆ ಯಾರೂ ಸಾಯಲ್ಲ."

ಸಾಹೇಬರ ಹುಬ್ಬು ಗಂಟಿಕ್ಕಿತು. ಎರಡನೇ ಪತ್ರಕ್ಕೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಎಚ್ಚರಿಕೆಯ ಮೆಮೊ ಬಂತು.

ಮನೆಯಲ್ಲಿ ಗಂಡ, ಬಸ್ ಓಡಿಸಿ ನಿವೃತ್ತನಾದವನು, ಮೆಮೊ ಓದಿ ನಕ್ಕ. "ಆ ಡಬ್ಬ ಬದಲಾಯಿಸ್ತೀವಿ ಅಂದ್ರೆ ಹುಲಿ ಥರ ಎಗರಾಡ್ತೀಯ. ನನ್ನನ್ನ ಬದಲಾಯಿಸ್ತೀವಿ ಅಂದಿದ್ರೆ ನೀನೇ ಸಹಿ ಹಾಕಿ ಕಳಿಸ್ತಿದ್ದೆ."

"ನಿಮ್ಮೊಳಗೆ ಅಷ್ಟು ಜನ ಇಲ್ಲವಲ್ಲ," ಅಂದಳು ಅವಳು. ನಗು ಬರಲಿಲ್ಲ ಅವಳಿಗೆ.

ಕಂಪ್ಯೂಟರುಗಳ ಉಸ್ತುವಾರಿಯ ಇಂಜಿನಿಯರ್ ಬಂದು ನೋಡಿದ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಯಂತ್ರದ ಹಿಂದೆ ಬಗ್ಗಿ ಟಾರ್ಚ್ ಬಿಟ್ಟು, ಮುಂದೆ ಕೂತು ಅರ್ಧ ಗಂಟೆ ಏನೇನೋ ಒತ್ತಿ, ಕೊನೆಗೆ ಕನ್ನಡಕ ತೆಗೆದ.

"ಅಕ್ಕಾ, ನೀವು ಹೇಳಿದ್ದು ನಿಜ. ಇದು ಹೊಸದರಲ್ಲಿ ಏಳಲ್ಲ. ಪೆನ್ ಡ್ರೈವ್‌ಗೆ ಹಾಕ್ಕೊಳ್ಳೋಣ ಅಂದ್ರೆ ಇದಕ್ಕೆ ಅದರ ಗುರುತೇ ಸಿಗ್ತಿಲ್ಲ. ಒಳಗಿನ ಡಿಸ್ಕ್ ಬಿಚ್ಚಿ, ಬೇರೆ ಕಡೆ ಜೋಡಿಸಿ ನಕಲು ತೆಗೀಬೇಕು. ಅದಕ್ಕೊಂದು ಉಪಕರಣ ಬೇಕು, ತರಿಸ್ತೀನಿ. ಸೋಮವಾರ ಬರ್ತೀನಿ."

"ಅಲ್ಲೀವರೆಗೆ ಯಾರೂ ಮುಟ್ಟಬಾರದು ತಮ್ಮಾ."

"ಹೇಳಿರ್ತೀನಿ."

ಅವನ ಮಾತನ್ನು ನಂಬಿದರೂ ಅವಳು ಕೈಕಟ್ಟಿ ಕೂರಲಿಲ್ಲ. ಪ್ರಿಂಟರಿನಲ್ಲಿ ಮುನ್ನೂರು ಜನರ ವಿವರ ಅಚ್ಚು ಹಾಕಿದಳು. ಆಮೇಲೆ ಅದರ ಶಾಯಿಯ ರಿಬ್ಬನ್ ಮುಗಿಯಿತು. ಅಂಥ ರಿಬ್ಬನ್ ಮಾಡುವುದನ್ನೇ ನಿಲ್ಲಿಸಿದ್ದಾರೆ ಅಂದ ಅಂಗಡಿಯವನು. ಸುತ್ತೋಲೆ ಬಂದಂದಿನಿಂದ ಊಟದ ಹೊತ್ತಿನಲ್ಲಿ ಉದ್ದನೆಯ ನೋಟ್‌ಬುಕ್ಕಿಗೆ ಕೈಯಲ್ಲೂ ಇಳಿಸಿಕೊಳ್ಳುತ್ತಿದ್ದಳು. ಹೆಣ ಎತ್ತಿಡುವ ಮುದುಕ, ಆಸ್ಪತ್ರೆಗೆಲ್ಲ ದೊಡ್ಡಪ್ಪ, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು ಒಂದೊಂದು ನಂಬರನ್ನೂ ಗಟ್ಟಿಯಾಗಿ ಓದುತ್ತಿದ್ದ. ಕೆಲವೊಮ್ಮೆ ನಡುವೆ ನಿಂತು, "ಇವನನ್ನ ನಾನೇ ಎತ್ತಿದ್ದೆ ಕಣವ್ವ, ಹೂವಿನ ಹಾಗೆ ಹಗುರ ಇದ್ದ," ಅನ್ನುತ್ತಿದ್ದ. ಹಾಗೆ ಇನ್ನೂ ಆರುನೂರು ಜನ ಪುಸ್ತಕಕ್ಕೆ ಬಂದರು.

ಆ ಗುರುವಾರ ಅವಳ ಗಂಡ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಶುಕ್ರವಾರ ಆಪರೇಷನ್. ಅವಳು ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಗಂಡನ ಮಂಚದ ಪಕ್ಕ ಭಾನುವಾರದವರೆಗೂ ಕೂತಿದ್ದಳು. ಶನಿವಾರ ಮಧ್ಯಾಹ್ನ ಕಿಟಕಿಯಿಂದ ಕೆಳಗೆ ನೋಡಿದಾಗ ಹಿಂದಿನ ಗೇಟಿನಲ್ಲಿ ರಟ್ಟಿನ ಪೆಟ್ಟಿಗೆ ತುಂಬಿದ ವ್ಯಾನ್ ನಿಂತದ್ದು ಕಂಡಿತ್ತು. ಔಷಧಿಯದಿರಬೇಕು ಅಂದುಕೊಂಡಳು.

ಸೋಮವಾರ ಬಾಗಿಲು ತೆಗೆದರೆ ಮೇಜಿನ ಮೇಲೆ ತೆಳ್ಳಗಿನ ಹೊಸ ಪರದೆ ಹೊಳೆಯುತ್ತಿತ್ತು. ಅದರಲ್ಲಿ ಒಂದು ಸಮುದ್ರದ ಚಿತ್ರ. ಹೊರಗಿನ ಗುತ್ತಿಗೆಯವರು ರಜಾದಿನ ನೋಡಿ ಬಂದು ಎಲ್ಲ ಕೋಣೆಗಳ ಕೆಲಸ ಒಂದೇ ದಿನದಲ್ಲಿ ಮುಗಿಸಿದ್ದರು. ದೊಡ್ಡಪ್ಪ ಬಾಗಿಲಲ್ಲಿ ಅಡ್ಡ ನಿಂತು, ಅಕ್ಕ ಬರೋವರೆಗೆ ತಡೀರಿ ಅಂತ ಕೈ ಮುಗಿದಿದ್ದನಂತೆ. ಸಾಹೇಬರ ಸಹಿ ತೋರಿಸಿ ಅವನನ್ನು ಪಕ್ಕಕ್ಕೆ ಸರಿಸಿದರಂತೆ.

ಇಂಜಿನಿಯರ್ ಉಪಕರಣ ಹಿಡಿದುಕೊಂಡು ಹತ್ತು ಗಂಟೆಗೆ ಸರಿಯಾಗಿ ಬಂದ. ಮೇಜು ನೋಡಿ ಬಾಗಿಲಲ್ಲೇ ನಿಂತ. ಆಮೇಲೆ ಉಗ್ರಾಣಕ್ಕೆ ಓಡಿ, ರಾಶಿಯಲ್ಲಿ ಹಳೇ ಯಂತ್ರ ಹುಡುಕಿ, ಡಿಸ್ಕ್ ಬಿಚ್ಚಿ ಪರೀಕ್ಷಿಸಿದ. ಹಳೆಯ ಡಿಸ್ಕುಗಳನ್ನೆಲ್ಲ ಪೂರ್ತಿ ಅಳಿಸಿಯೇ ಗುಜರಿಗೆ ಕಳಿಸಬೇಕೆಂಬ ನಿಯಮವಂತೆ. ಮಾಡಿದ್ದರು, ಅಚ್ಚುಕಟ್ಟಾಗಿ.

"ಏನೂ ಉಳಿದಿಲ್ವಾ?"

"ಒಂದು ಸಲ ಅಳಿಸಿದ್ದರೆ ನೋಡಬಹುದಿತ್ತು. ಮೂರು ಸಲ ಅಳಿಸಿದ್ದಾರೆ ಅಕ್ಕಾ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು ನೋಟ್‌ಬುಕ್ ಮತ್ತು ಅಚ್ಚಾದ ಹಾಳೆಗಳನ್ನು ತೆಗೆದು, ಅವುಗಳಲ್ಲಿ ಇಳಿದವರನ್ನು ಎಣಿಸಿ, ಒಟ್ಟು ಲೆಕ್ಕದಿಂದ ಕಳೆದಳು. ಸಾವಿರದ ಇನ್ನೂರ ನಲವತ್ತು. ಅಷ್ಟು ಜನ ಎರಡನೇ ಸಲ ಸತ್ತಿದ್ದರು.

ಅಧೀಕ್ಷಕರು ಅವಳನ್ನು ಕೂರಿಸಿ ನೀರು ಕೊಡಿಸಿದರು. "ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲ ಇಲ್ಲಮ್ಮಾ. ಇಷ್ಟು ವರ್ಷ ಯಾರೂ ಕೇಳಿಕೊಂಡು ಬರದಿದ್ದವರು, ಇನ್ನು ಯಾರು ಬರ್ತಾರೆ?" ಅಂದರು. ಸಮಾಧಾನಕ್ಕೇ ಅಂದದ್ದು. ಅವಳು ಲೋಟ ಮುಟ್ಟದೆ ಎದ್ದು ಬಂದಳು.

ಬಂದರು. ಎರಡು ತಿಂಗಳಾದ ಮೇಲೆ ಒಬ್ಬಳು ಹೆಂಗಸು, ಎರಡು ದಿನದ ಪ್ರಯಾಣ ಮಾಡಿ. ಆರು ವರ್ಷದ ಹಿಂದೆ ಹೋದ ಅಣ್ಣನನ್ನು ಹುಡುಕುತ್ತಾ ಎಷ್ಟೋ ಊರಿನ ಆಸ್ಪತ್ರೆಗಳನ್ನು ಅಲೆದಿದ್ದಳು. ಕೈಯಲ್ಲಿ ಫೋಟೋ. ಬಲ ಕಿವಿಯ ಹಾಲೆ ಹರಿದಿತ್ತು ಅಂದಳು. ಚಿಕ್ಕಂದಿನಲ್ಲಿ ಜಗಳವಾಡಿ ತಾನೇ ಹರಿದದ್ದಂತೆ.

ಪಟ್ಟಿಯಕ್ಕನಿಗೆ ಆ ಕಿವಿಯನ್ನು ತಾನೇ ಟೈಪ್ ಮಾಡಿದ್ದು ನೆನಪಿತ್ತು. ಚಳಿಗಾಲ, ನೀಲಿ ಸ್ವೆಟರ್. ಯಾವ ವರ್ಷ, ಯಾವ ನಂಬರ್, ಅದು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಇಲ್ಲ ಅಂದುಬಿಟ್ಟರೆ ಈಕೆ ಇನ್ನೊಂದು ಊರಿಗೆ ಹೋಗುತ್ತಾಳೆ, ಅಲ್ಲಿಂದ ಮತ್ತೊಂದಕ್ಕೆ. ಹೌದು ಅಂದರೆ ತೋರಿಸಲು ಏನಿದೆ?

"ಬಂದಿದ್ದರು ಅನ್ಸುತ್ತೆ ತಂಗೀ," ಅಂದಳು ಕೊನೆಗೆ. "ನೀಲಿ ಸ್ವೆಟರ್ ಹಾಕಿದ್ದರು."

"ಅದು ನಾನೇ ಹೆಣೆದದ್ದು." ಹೆಂಗಸು ಮೇಜಿನ ಅಂಚು ಹಿಡಿದುಕೊಂಡಳು. "ಎಲ್ಲಿದ್ದಾನೆ?"

ಪಟ್ಟಿಯಕ್ಕ ಅವಳನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಮೊಣಕಾಲೆತ್ತರ ಹುಲ್ಲು, ಅದರ ನಡುವೆ ನಂಬರಿನ ಕಲ್ಲುಗಳು. "ಈ ಸಾಲಿರಬೇಕು, ಇಲ್ಲ ಆಚೆ ಸಾಲು. ಅದಕ್ಕಿಂತ ಹೆಚ್ಚು ಹೇಳಲಾರೆ. ಲೆಕ್ಕ ಇತ್ತು, ಕಳಕೊಂಡ್ವಿ. ತಪ್ಪು ನಮ್ಮದು."

ಹೆಂಗಸು ಮೊದಲ ಸಾಲಿನ ತುದಿಯಿಂದ ನಡೆದಳು. ಒಂದೊಂದು ಕಲ್ಲಿನ ಮುಂದೆಯೂ ಒಂದು ಕ್ಷಣ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಎರಡೂ ಸಾಲು ಮುಗಿಸಿದಳು. ಎಪ್ಪತ್ತಾರು ಕಲ್ಲು. ತಿರುಗಿ ಬಂದು ಕೇಳಿದ್ದು ಒಂದೇ ಮಾತು: "ಯಾರೋ ಬೇರೆಯವರ ಮುಂದೆ ಅತ್ತೆನೇನೋ?"

ಪಟ್ಟಿಯಕ್ಕ ಬಗ್ಗಿ ಹತ್ತಿರದ ಕಲ್ಲಿನ ಸುತ್ತಲಿನ ಹುಲ್ಲು ಕೀಳತೊಡಗಿದಳು.

ವರ್ಷ ಮುಗಿದಾಗ ಆಸ್ಪತ್ರೆಗೆ ನೂರಕ್ಕೆ ನೂರು ಸಾಧಿಸಿದ್ದಕ್ಕೆ ಪ್ರಶಂಸಾಪತ್ರ ಬಂತು. ಮೂರು ಸಲ ಅಡ್ಡಿ ಮಾಡಿದ್ದಕ್ಕೆ ಪಟ್ಟಿಯಕ್ಕನ ಸೇವಾ ಪುಸ್ತಕದಲ್ಲಿ ಒಂದು ಕೆಂಪು ಸಾಲು ಸೇರಿತು. ಗಂಡ ಕೋಲು ಹಿಡಿದು ನಡೆಯುವಂತಾದ, ಆದರೆ ಮನೆಯಲ್ಲಿ ತಮಾಷೆ ಮಾಡುವುದನ್ನು ಬಿಟ್ಟ. ತಾನು ಬೀಳದಿದ್ದರೆ ಅನ್ನುವ ಮಾತು ಅವನ ಗಂಟಲಲ್ಲೇ ಉಳಿಯಿತು. ಅವಳೂ ಅದನ್ನು ಎತ್ತಲಿಲ್ಲ.

ನಿವೃತ್ತಿಗೆ ಉಳಿದಿದ್ದ ಎರಡು ವರ್ಷ ಅವಳು ಊಟದ ಹೊತ್ತಿನಲ್ಲಿ ಬೇರೊಂದು ನೋಟ್‌ಬುಕ್ ಬರೆದಳು. ನೆನಪಿನಿಂದ. ಗಂಡಸು, ಐವತ್ತರ ಆಸುಪಾಸು, ಮುಂದಿನ ಹಲ್ಲಿಲ್ಲ, ಬಹುಶಃ ಮಳೆಗಾಲ. ಹೆಂಗಸು, ಬಳೆಗಾಜು ಚುಚ್ಚಿದ ಗಾಯ, ಯಾವ ಕೈಯೆಂದು ಖಚಿತವಿಲ್ಲ. ದೊಡ್ಡಪ್ಪ ತನಗೆ ನೆನಪಿದ್ದಷ್ಟು ಹೇಳಿ, ಮೊದಲ ವರ್ಷದ ಚಳಿಗಾಲದಲ್ಲೇ ತೀರಿಕೊಂಡ. ನೂರ ಹದಿನೆಂಟು ಜನರ ಹೊತ್ತಿಗೆ ಅವಳಿಗೆ ಒಬ್ಬರ ಮುಖ ಇನ್ನೊಬ್ಬರ ಗಾಯಕ್ಕೆ ಅಂಟತೊಡಗಿತು. ಸುಳ್ಳು ಬರೆಯುವುದಕ್ಕಿಂತ ಬರೆಯದಿರುವುದು ಮೇಲು ಅಂತ ಪೆನ್ನಿನ ಕ್ಯಾಪ್ ಹಾಕಿದಳು.